ನಮ್ಮ ಕಾಲೇಜಿಗೂ ಒಂದು ಸ್ಕೋರ್ ಪುಸ್ತಕ ಬೇಕು

ಒಂದು ಪ್ರಶ್ನೆ. ಟೆಸ್ಟ್ ಕ್ರಿಕೆಟ್‌ನಲ್ಲಿ ಇನ್ನೂರಕ್ಕೂ ಹೆಚ್ಚು ವಿಕೆಟ್ ತೆಗೆದು, ಆ ವಿಕೆಟ್‌ಗಳ ಸಂಖ್ಯೆಗಿಂತಲೂ ಕಡಿಮೆ ರನ್ ಹೊಡೆದ ಭಾರತದ ಬೌಲರ್ ಯಾರು?

ಉತ್ತರ ನಮ್ಮ ಕರ್ನಾಟಕದವರೇ: ಬಿ.ಎಸ್. ಚಂದ್ರಶೇಖರ್. 58 ಟೆಸ್ಟ್‌ಗಳಲ್ಲಿ 242 ವಿಕೆಟ್, 167 ರನ್. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಈ ಮನುಷ್ಯ ಜಗತ್ತಿನ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳನ್ನು ಕಂಗೆಡಿಸಿದರು. ಆದರೆ ಅದೇ ಕೈಗೆ ಬ್ಯಾಟ್ ಕೊಟ್ಟರೆ 23 ಸಲ ಸೊನ್ನೆ. 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವರು ನಾಲ್ಕು ಸೊನ್ನೆ ಹೊಡೆದರೆಂದು ಬ್ಯಾಟ್ ತಯಾರಿಸುವ ಕಂಪನಿಯೊಂದು ನಡುವೆ ತೂತು ಕೊರೆದ ಬ್ಯಾಟನ್ನೇ ಉಡುಗೊರೆ ಕೊಟ್ಟಿತು. ಅದೇ ಪ್ರವಾಸದಲ್ಲಿ ಮೆಲ್ಬರ್ನ್ ಟೆಸ್ಟ್‌ನ ಮೊದಲ ಇನ್ನಿಂಗ್ಸ್‌ನಲ್ಲಿ ಅವರು 52 ರನ್ ಕೊಟ್ಟು 6 ವಿಕೆಟ್ ತೆಗೆದರು. ಎರಡನೇ ಇನ್ನಿಂಗ್ಸ್‌ನಲ್ಲಿ? ಮತ್ತೆ 52ಕ್ಕೆ 6. ಒಂದು ರನ್ ಹೆಚ್ಚಿಲ್ಲ, ಒಂದು ವಿಕೆಟ್ ಕಡಿಮೆ ಇಲ್ಲ. ಆಸ್ಟ್ರೇಲಿಯಾ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಗೆಲುವು.

ಇಂಥ ವಿಚಿತ್ರ ಲೆಕ್ಕಗಳನ್ನು ಹುಡುಕುವುದು ನನಗೆ ಒಂದು ಹುಚ್ಚು. ಗೆಳೆಯರು ನಗುತ್ತಾರೆ. 'ಇದರಿಂದ ಬೋರ್ಡ್ ಪರೀಕ್ಷೆಯಲ್ಲಿ ಎಷ್ಟು ಮಾರ್ಕ್ಸ್ ಬರುತ್ತದೆ' ಎಂದು ಮನೆಯಲ್ಲೂ ಕೇಳುತ್ತಾರೆ. ಕೇಳುವುದು ಸರಿಯೇ. ಆದರೂ ಈ ಹುಚ್ಚಿನಲ್ಲಿ ಕಲಿಯುವುದು ಬಹಳ ಇದೆ, ಮತ್ತು ನಮ್ಮ ಕಾಲೇಜು ಇದಕ್ಕಾಗಿ ಒಂದು ಸಣ್ಣ ಕೆಲಸ ಮಾಡಲೇಬೇಕು ಎಂಬುದು ನನ್ನ ವಾದ. ಆ ಕೆಲಸ ಯಾವುದೆಂದು ತಲೆಬರಹದಲ್ಲೇ ಇದೆ. ಯಾಕೆ ಎಂಬುದನ್ನು ಹೇಳುತ್ತೇನೆ.

ಸರಾಸರಿ ಎಂಬ ಮುಚ್ಚಳ

ಪ್ರಥಮ ಪಿಯುಸಿಯಲ್ಲೇ ನಮಗೆ ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲ ಕಲಿಸುತ್ತಾರೆ. 'ಎ' ಮತ್ತು 'ಬಿ' ಎಂಬ ಇಬ್ಬರು ಬ್ಯಾಟ್ಸ್‌ಮನ್‌ಗಳ ಸ್ಕೋರ್ ಕೊಟ್ಟು ಯಾರು ಹೆಚ್ಚು ಸ್ಥಿರ ಎಂದು ಕೇಳುವ ಲೆಕ್ಕ ಎಲ್ಲರೂ ಮಾಡಿದ್ದೇವೆ. ಆ 'ಎ' ಮತ್ತು 'ಬಿ' ಯಾರೆಂದು ನಮಗೆ ಗೊತ್ತಿಲ್ಲ, ಹಾಗಾಗಿ ಉತ್ತರ ಬಂದ ಕೂಡಲೇ ಮರೆತುಬಿಡುತ್ತೇವೆ. ಅವರ ಬದಲು ಕರುಣ್ ನಾಯರ್ ಅವರನ್ನು ತೆಗೆದುಕೊಳ್ಳೋಣ.

2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಕರುಣ್ ಔಟಾಗದೆ 303 ರನ್ ಹೊಡೆದರು. ಅದು ಅವರ ಮೂರನೇ ಟೆಸ್ಟ್ ಇನ್ನಿಂಗ್ಸ್ ಮಾತ್ರ. ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 13. ಟೆಸ್ಟ್‌ನ ಮೊದಲ ಶತಕವನ್ನೇ ತ್ರಿಶತಕ ಮಾಡಿಕೊಂಡವರು ಅವರಿಗೆ ಮೊದಲು ಇಬ್ಬರೇ: ವೆಸ್ಟ್ ಇಂಡೀಸ್‌ನ ಸೋಬರ್ಸ್, ಆಸ್ಟ್ರೇಲಿಯಾದ ಬಾಬ್ ಸಿಂಪ್ಸನ್. ಅದೇ ಇನ್ನಿಂಗ್ಸ್‌ನಲ್ಲಿ ಇನ್ನೊಂದು ವಿಚಿತ್ರವೂ ನಡೆಯಿತು. ಕರ್ನಾಟಕದವರೇ ಆದ ಕೆ.ಎಲ್. ರಾಹುಲ್ 199ಕ್ಕೆ ಔಟಾದರು. ಒಂದೇ ರಾಜ್ಯದ ಇಬ್ಬರು, ಒಂದೇ ಇನ್ನಿಂಗ್ಸ್. ಒಬ್ಬರಿಗೆ ಮುನ್ನೂರು ದಾಟಿದ ಸಂತೋಷ, ಇನ್ನೊಬ್ಬರಿಗೆ ಇನ್ನೂರಕ್ಕೆ ಒಂದೇ ರನ್ ಕೊರತೆ.

ಆಮೇಲೆ 2017ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಕರುಣ್ ಹೊಡೆದದ್ದು 26, 0, 23, 5. ಅಲ್ಲಿಗೆ ತಂಡದಿಂದ ಹೊರಗೆ. ಮತ್ತೆ ಟೆಸ್ಟ್ ಆಡಿದ್ದು 2025ರ ಜೂನ್‌ನಲ್ಲಿ, ಎಂಟು ವರ್ಷ ಕಳೆದ ಮೇಲೆ.

ಈಗ ಪೆನ್ನು ತೆಗೆದುಕೊಳ್ಳಿ. 2017ರವರೆಗಿನ ಏಳು ಇನ್ನಿಂಗ್ಸ್‌ಗಳ ಒಟ್ಟು ರನ್ 374. ಒಂದು ಸಲ ಔಟಾಗದೆ ಉಳಿದಿದ್ದರಿಂದ ಕ್ರಿಕೆಟ್‌ನವರು ಆರರಿಂದ ಭಾಗಿಸುತ್ತಾರೆ: ಸರಾಸರಿ 62.33. ಎಂಥ ಬ್ಯಾಟ್ಸ್‌ಮನ್! ನಮ್ಮ ಪಠ್ಯಪುಸ್ತಕದ ರೀತಿ ಏಳರಿಂದ ಭಾಗಿಸಿದರೆ 53.43. ಇದೂ ಚೆನ್ನಾಗಿಯೇ ಇದೆ. ಈಗ ಸ್ಕೋರ್‌ಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ: 0, 4, 5, 13, 23, 26, 303. ನಡುವಿನದು ಯಾವುದು? 13. ಅಂದರೆ ಮಧ್ಯಾಂಕ 13!

ಮೂರು ಉತ್ತರಗಳೂ ಸರಿ. ಒಂದರಲ್ಲೂ ಸುಳ್ಳಿಲ್ಲ. ಆದರೆ 62 ಎಂದು ಹೇಳುವವರು ಒಂದು ಕಥೆ ಹೇಳುತ್ತಾರೆ, 13 ಎಂದು ಹೇಳುವವರು ಇನ್ನೊಂದು ಕಥೆ ಹೇಳುತ್ತಾರೆ. ತಂಡದಿಂದ ತೆಗೆದದ್ದು ಅನ್ಯಾಯ ಎನ್ನುವವರು ಮೊದಲನೆಯದನ್ನು ಹಿಡಿದುಕೊಳ್ಳಬಹುದು, ಸರಿ ಎನ್ನುವವರು ಎರಡನೆಯದನ್ನು. ಏಳೇ ಅಂಕಿಗಳನ್ನು ಸಾಲಾಗಿ ನೋಡಿದವನಿಗೆ ಮಾತ್ರ ಪೂರ್ತಿ ವಿಷಯ ಗೊತ್ತಾಗುತ್ತದೆ. ಸರಾಸರಿ ಎನ್ನುವುದು ಪಾತ್ರೆಯ ಮುಚ್ಚಳ ಇದ್ದ ಹಾಗೆ. ಒಳಗೆ ಏನಿದೆ ಎಂದು ನೋಡಬೇಕಾದರೆ ಮುಚ್ಚಳ ತೆಗೆಯಬೇಕು.

ಚಂದ್ರಶೇಖರ್ ಅವರ ಬ್ಯಾಟಿಂಗ್ ಸರಾಸರಿಯನ್ನೂ ಹೀಗೇ ತೆರೆದು ನೋಡಿ. ದಾಖಲೆಯಲ್ಲಿ 4.07 ಎಂದಿದೆ. ಅವರು ಆಡಿದ್ದು 80 ಇನ್ನಿಂಗ್ಸ್. ಅದರಲ್ಲಿ 39 ಸಲ ಔಟಾಗದೆ ಉಳಿದರು. ಚೆನ್ನಾಗಿ ಆಡಿ ಉಳಿದದ್ದಲ್ಲ. ಕೊನೆಯಲ್ಲಿ ಬರುತ್ತಿದ್ದರು, ಆ ಕಡೆಯವರು ಔಟಾದರೆ ಆಟ ಮುಗಿಯುತ್ತಿತ್ತು. ಹಾಗಾಗಿ 167ನ್ನು 41ರಿಂದ ಭಾಗಿಸಿದರೆ 4.07. 80ರಿಂದ ಭಾಗಿಸಿದರೆ ಎರಡು ರನ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಹತ್ತು ವಿಕೆಟ್ ತೆಗೆದೂ ಸೋತವರು

ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದದ್ದು ನಮ್ಮ ಅಪ್ಪಂದಿರಿಗೆಲ್ಲ ಬಾಯಿಪಾಠ. 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಈ ಸಾಲಿನಲ್ಲಿ ಕಾಣದ ಇನ್ನೊಂದು ಹೆಸರಿದೆ: ಮೈಸೂರಿನ ಜಾವಗಲ್ ಶ್ರೀನಾಥ್. ಒಂಬತ್ತು ವಿಕೆಟ್ ಬಿದ್ದ ಮೇಲೆ, ಕೊನೆಯ ವಿಕೆಟ್ ಅಕಸ್ಮಾತ್ ತಮಗೆ ಬೀಳಬಾರದು ಎಂದು ಅವರು ಬ್ಯಾಟ್‌ಗೆ ಸಿಗದಷ್ಟು ದೂರಕ್ಕೆ ಬೌಲ್ ಮಾಡಿದರು. ಅಂಕಿಗಳ ಪಟ್ಟಿಯಲ್ಲಿ ಅದು ಬರೀ ವೈಡ್. ನೋಡಿದವರಿಗೆ ಅದು ಗೆಳೆತನ.

ಟೆಸ್ಟ್‌ನಲ್ಲಿ ಒಂದೇ ಇನ್ನಿಂಗ್ಸ್‌ನ ಹತ್ತೂ ವಿಕೆಟ್ ತೆಗೆದವರು ಮೂವರು. 1956ರಲ್ಲಿ ಇಂಗ್ಲೆಂಡ್‌ನ ಜಿಮ್ ಲೇಕರ್, ಆಮೇಲೆ ಕುಂಬ್ಳೆ, 2021ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್‌ನ ಎಜಾಜ್ ಪಟೇಲ್. ಎಜಾಜ್ ಹುಟ್ಟಿದ್ದು ಮುಂಬೈಯಲ್ಲಿ. ಚಿಕ್ಕವರಿದ್ದಾಗಲೇ ಅವರ ಕುಟುಂಬ ನ್ಯೂಜಿಲೆಂಡ್‌ಗೆ ಹೋಯಿತು. ತಾವು ಹುಟ್ಟಿದ ಊರಿಗೇ ಬಂದು 119 ರನ್‌ಗೆ ಹತ್ತು ವಿಕೆಟ್ ತೆಗೆದರು. ಆದರೆ ಅವರ ತಂಡ 62ಕ್ಕೆ ಆಲೌಟಾಗಿ, ಕೊನೆಗೆ 372 ರನ್‌ಗಳಿಂದ ಸೋತಿತು.

ಕರ್ನಾಟಕಕ್ಕೂ ಇಂಥ ಒಂದು ಸೋಲಿದೆ. 1981-82ರ ರಣಜಿ ಫೈನಲ್‌ನಲ್ಲಿ ನಮ್ಮ ತಂಡ 705 ರನ್ ಹೊಡೆಯಿತು. ಏಳುನೂರ ಐದು! ಯಾರಾದರೂ ಸೋಲುತ್ತಾರಾ? ದೆಹಲಿ 8 ವಿಕೆಟ್‌ಗೆ 707 ಹೊಡೆದು ಇನ್ನಿಂಗ್ಸ್ ಮುನ್ನಡೆಯ ಮೇಲೆ ಕಪ್ ಒಯ್ದಿತು. ಅದೇ ವರ್ಷದ ಸೆಮಿಫೈನಲ್ ಬೆಂಗಳೂರಿನಲ್ಲಿ ಬಾಂಬೆ ವಿರುದ್ಧ ನಡೆದಿತ್ತು. ರಘುರಾಮ್ ಭಟ್ ಅವರ ಎಡಗೈ ಸ್ಪಿನ್ ಎಷ್ಟು ತಿರುಗುತ್ತಿತ್ತೆಂದರೆ, ಸುನಿಲ್ ಗವಾಸ್ಕರ್ ಅವರ ಬೌಲಿಂಗ್‌ಗೆ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತು ಆಡಿದರು. ಬೇರೆಯವರ ಬೌಲಿಂಗ್‌ಗೆ ಮತ್ತೆ ಬಲಗೈ. ಸ್ಕೋರ್ ಕಾರ್ಡ್ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಅಲ್ಲಿ ಎಡ, ಬಲ ಎಂಬ ಕಾಲಂ ಇಲ್ಲ.

ಬೇಸ್‌ಬಾಲ್ ಎಂಬ ಅಮೆರಿಕದ ಆಟದಲ್ಲಿ ಈ ಹುಚ್ಚು ನಮಗಿಂತ ಜಾಸ್ತಿ. ಅಲ್ಲಿ ಪಂದ್ಯದ ಅಂಕಿಗಳನ್ನು ಪತ್ರಿಕೆಯಲ್ಲಿ ಪಟ್ಟಿ ಮಾಡಿ ಹಾಕುವ ಪದ್ಧತಿಯನ್ನು ಬೆಳೆಸಿದ ಹೆನ್ರಿ ಚಾಡ್‌ವಿಕ್ ಇಂಗ್ಲೆಂಡ್‌ನಲ್ಲಿ ಹುಟ್ಟಿದವರು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಸ್ಟಾನ್ ಮ್ಯೂಸಿಯಲ್ ಎಂಬ ಆಟಗಾರ ಜೀವನದಲ್ಲಿ ಹೊಡೆದ ಹಿಟ್‌ಗಳು 3630. ಅದರಲ್ಲಿ ತವರಿನ ಮೈದಾನದಲ್ಲಿ 1815, ಹೊರಗಿನ ಮೈದಾನಗಳಲ್ಲಿ 1815. ಸರಿಯಾಗಿ ಅರ್ಧ! ತವರಿನಲ್ಲಿ ಮಾತ್ರ ಹುಲಿ ಎಂಬ ಮಾತು ಈ ಮನುಷ್ಯನಿಗೆ ಹೇಳುವಂತಿಲ್ಲ. ಇನ್ನೊಬ್ಬರು ಹಾರ್ವಿ ಹ್ಯಾಡಿಕ್ಸ್. 1959ರ ಮೇ 26ರಂದು ಸತತವಾಗಿ 36 ಮಂದಿಯನ್ನು ಔಟ್ ಮಾಡಿದರು, ಹನ್ನೆರಡು ಇನ್ನಿಂಗ್ಸ್ ಒಬ್ಬರನ್ನೂ ಬಿಡಲಿಲ್ಲ. ಹದಿಮೂರನೆಯದರಲ್ಲಿ 1-0 ಅಂತರದಿಂದ ಸೋತರು. ಎಜಾಜ್, ಹ್ಯಾಡಿಕ್ಸ್, ನಮ್ಮ 705: ದೇಶ ಬೇರೆ, ಆಟ ಬೇರೆ, ಸಂಕಟ ಒಂದೇ. ಒಬ್ಬರ ಸಾಧನೆ ಮತ್ತು ತಂಡದ ಫಲಿತಾಂಶ ಬೇರೆ ಬೇರೆ ಕಾಲಂಗಳು. ಒಂದನ್ನು ನೋಡಿ ಇನ್ನೊಂದನ್ನು ಹೇಳಲು ಬರುವುದಿಲ್ಲ.

ಬರೆದಿಟ್ಟದ್ದು ಉಳಿಯುತ್ತದೆ

1983ರ ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಿತ್ತು. 140ಕ್ಕೆ 8 ಆದಾಗ ಬಂದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಅವರು ಹೊಡೆದದ್ದು 24 ಮಾತ್ರ, ಆದರೆ ಔಟಾಗಲಿಲ್ಲ. ಇಬ್ಬರ ನಡುವೆ ಮುರಿಯದ 126 ರನ್ ಜೊತೆಯಾಟ. ಆ 24 ಇಲ್ಲದಿದ್ದರೆ 175 ಆಗುತ್ತಿರಲಿಲ್ಲ. 175 ಆಗದಿದ್ದರೆ ವಿಶ್ವಕಪ್ ಕೂಡ ನಮ್ಮ ಕೈಗೆ ಬರುತ್ತಿತ್ತೋ ಇಲ್ಲವೋ.

ಆ ಪಂದ್ಯ ಟಿವಿಯಲ್ಲಿ ಬರಲಿಲ್ಲ. ಇವತ್ತು ಮೊಬೈಲ್‌ನಲ್ಲಿ ಎಷ್ಟು ಹುಡುಕಿದರೂ ಆ ಇನ್ನಿಂಗ್ಸ್‌ನ ವಿಡಿಯೊ ಸಿಗುವುದಿಲ್ಲ. ಹಾಗಾದರೆ 17ಕ್ಕೆ 5, 140ಕ್ಕೆ 8, 24, 126 ಎಂಬುದೆಲ್ಲ ನಮಗೆ ಹೇಗೆ ಗೊತ್ತು? ಮೈದಾನದ ಪಕ್ಕ ಯಾರೋ ಪೆನ್ಸಿಲ್ ಹಿಡಿದು ಕೂತು ಪ್ರತಿ ಬಾಲನ್ನೂ ಬರೆದಿಟ್ಟಿದ್ದರಿಂದ. ಕಿರ್ಮಾನಿಯವರ ಆ 24 ಉಳಿದದ್ದು ಒಂದು ಪುಸ್ತಕದಲ್ಲಿ.

ಈ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಿರಿಯೂರಿನ ಯಾರನ್ನು ಬೇಕಾದರೂ ಕೇಳಿ, ವಾಣಿವಿಲಾಸ ಸಾಗರದ ನೀರಿನ ಮಟ್ಟ ಕ್ರಿಕೆಟ್ ಸ್ಕೋರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪೂರ್ಣ ಮಟ್ಟ 130 ಅಡಿ. 1907ರಲ್ಲಿ ಮುಗಿದ ಈ ಅಣೆಕಟ್ಟೆ 1933ರಲ್ಲಿ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ನಮ್ಮ ತಾತಂದಿರು ಕಾದರು, ನೋಡದೆ ಹೋದರು. ನಾವು ಹೈಸ್ಕೂಲ್ ವಯಸ್ಸಿನಲ್ಲೇ ನೋಡಿದೆವು. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ! 89 ವರ್ಷ ಬಾರದ್ದು ಮೂರು ವರ್ಷದೊಳಗೆ ಎರಡನೇ ಸಲ ಬಂತು. ಮಳೆಯ ಸರಾಸರಿ ನೋಡಿ ಇದನ್ನು ಯಾರು ಹೇಳಲು ಸಾಧ್ಯವಿತ್ತು? ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಮಟ್ಟವನ್ನು ಬರೆದಿಟ್ಟಿದ್ದರಿಂದಲೇ '89 ವರ್ಷದ ಮೇಲೆ' ಎಂದು ನಾವು ಹೆಮ್ಮೆಯಿಂದ ಹೇಳಿದೆವು.

ಈಗ ನಮ್ಮ ಕಾಲೇಜಿಗೆ ಬರುತ್ತೇನೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಬರುವ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಅವರಲ್ಲಿ ಒಳ್ಳೆಯ ಆಟಗಾರರಿದ್ದಾರೆ. ಹೋದ ವರ್ಷ ತರಗತಿಗಳ ನಡುವಿನ ಟೆನಿಸ್ ಬಾಲ್ ಪಂದ್ಯದಲ್ಲಿ ಹೊಸದುರ್ಗ ಕಡೆಯ ಹುಡುಗನೊಬ್ಬ ಒಂದೇ ಓವರ್‌ನಲ್ಲಿ ನಾಲ್ಕು ವಿಕೆಟ್ ತೆಗೆದ. ಕೆಲವರು ನಾಲ್ಕು ಎನ್ನುತ್ತಾರೆ, ಕೆಲವರು ಮೂರು ಎನ್ನುತ್ತಾರೆ. ಸ್ಕೋರ್ ಬರೆದದ್ದು ಸಿಗರೇಟ್ ಪ್ಯಾಕಿನಷ್ಟು ಸಣ್ಣ ಚೀಟಿಯಲ್ಲಿ. ಆ ಚೀಟಿ ಸಂಜೆಗೆ ಇರಲಿಲ್ಲ. ಹುಡುಗಿಯರ ಥ್ರೋಬಾಲ್ ಫೈನಲ್ ಇದಕ್ಕಿಂತಲೂ ಕಡೆ. ಯಾರು ಗೆದ್ದರು ಎಂಬುದು ಬೋರ್ಡಿನ ಮೇಲೆ ಒಂದು ದಿನ ಇತ್ತು. ಯಾರು ಎಷ್ಟು ಪಾಯಿಂಟ್ ತಂದರು ಎಂಬುದು ಆಡಿದ ಹುಡುಗಿಯರ ನೆನಪಿನಲ್ಲಿ ಮಾತ್ರ. ಅವರು ಪಾಸಾಗಿ ಹೋದರೆ ಅದೂ ಹೋಯಿತು.

ಶಾಂತಾ ರಂಗಸ್ವಾಮಿ ಎಂಬ ಕರ್ನಾಟಕದ ಆಟಗಾರ್ತಿ ನಮಗೆ ಎಷ್ಟು ಮಂದಿಗೆ ಗೊತ್ತು? 1976ರಲ್ಲಿ ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಗೆದ್ದಾಗ ನಾಯಕಿ ಅವರೇ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಅವರೇ. ಟೆಸ್ಟ್‌ನಲ್ಲಿ ಭಾರತದ ಮಹಿಳೆಯೊಬ್ಬರು ಹೊಡೆದ ಮೊದಲ ಶತಕ, 1977ರಲ್ಲಿ ನ್ಯೂಜಿಲೆಂಡ್ ವಿರುದ್ಧ 108, ಅದೂ ಅವರದೇ. ಗವಾಸ್ಕರ್, ವಿಶ್ವನಾಥ್ ಅವರ ಅಂಕಿ ಬಾಯಿಪಾಠ ಇರುವ ನಮ್ಮ ಹುಡುಗರಿಗೆ ಈ 108 ಗೊತ್ತಿಲ್ಲ. ದಾಖಲೆ ಇದ್ದರೂ ಓದದಿದ್ದರೆ ಹೀಗೆ. ದಾಖಲೆಯೇ ಇಲ್ಲದವರ ಗತಿ ಏನು?

ಬೆಟ್ಟಿಂಗ್ ಬೇರೆ, ಇದು ಬೇರೆ

ಒಂದು ಆಕ್ಷೇಪ ಬರಬಹುದು, ಬರಲೇಬೇಕು. 'ಅಂಕಿ-ಅಂಶ ಎಂದು ಶುರುವಾದದ್ದು ಮೊಬೈಲ್ ಆಪ್‌ನಲ್ಲಿ ತಂಡ ಕಟ್ಟಿ ದುಡ್ಡು ಹಾಕುವಲ್ಲಿಗೆ ಮುಗಿಯುತ್ತದೆ' ಎಂದು ಹಿರಿಯರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಅಪ್ಪನ ದುಡಿಮೆಯ ಹಣ ಕಳೆದುಕೊಂಡು ತಿಂಗಳುಗಟ್ಟಲೆ ಮುಖ ತಪ್ಪಿಸಿ ಓಡಾಡಿದವರನ್ನು ನಾವು ನೋಡಿದ್ದೇವೆ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಒಪ್ಪಿತು. ಆದರೆ ಚಟಕ್ಕೆ ಕಾನೂನು ಒಂದೇ ಮದ್ದಲ್ಲ.

ನನ್ನ ಉತ್ತರ ಇಷ್ಟು. ದುಡ್ಡು ಹಾಕುವವನು ಹಿಂದಿನ ಅಂಕಿ ನೋಡಿ ನಾಳೆಯದನ್ನು ಹೇಳುತ್ತೇನೆ ಎಂದುಕೊಳ್ಳುತ್ತಾನೆ. ವಿಚಿತ್ರ ದಾಖಲೆಗಳನ್ನು ನಿಜವಾಗಿ ಓದಿದವನಿಗೆ ಅದು ಆಗದ ಕೆಲಸ ಎಂದು ಗೊತ್ತಿರುತ್ತದೆ. 303 ಹೊಡೆದವರ ಮುಂದಿನ ನಾಲ್ಕು ಸ್ಕೋರ್ 26, 0, 23, 5 ಎಂದು 2016ರಲ್ಲಿ ಯಾರಾದರೂ ಹೇಳಿದ್ದರೇ? ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟ್ ಇನ್ನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು, ಎರಡನೆಯದರಲ್ಲಿ 137. ಸೊನ್ನೆಯ ದಿನ ಅವರ ಮೇಲೆ ಯಾರು ಪಂತ ಕಟ್ಟುತ್ತಿದ್ದರು? ಅಂಕಿಗಳು ನಡೆದದ್ದನ್ನು ಪ್ರಾಮಾಣಿಕವಾಗಿ ಹೇಳುತ್ತವೆ. ಮುಂದಿನದನ್ನು ಹೇಳುತ್ತೇವೆ ಎಂದು ಅವು ಯಾವತ್ತೂ ಮಾತು ಕೊಟ್ಟಿಲ್ಲ. ಮಾತು ಕೊಡುವುದು ಆಪ್‌ನವರು.

ವಿಶ್ವನಾಥ್ ಅವರದೇ ಇನ್ನೊಂದು ಸಂಗತಿ. 1980ರ ಬಾಂಬೆ ಟೆಸ್ಟ್‌ನಲ್ಲಿ ಅವರು ನಾಯಕ. ಇಂಗ್ಲೆಂಡ್‌ನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿರಲಿಲ್ಲ ಎಂದು ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಸೋತಿತು. ನಾಯಕರಾಗಿ ಆಡಿಸಿದ ಎರಡು ಟೆಸ್ಟ್‌ಗಳಲ್ಲಿ ಅವರ ಹೆಸರಿನ ಮುಂದೆ ಗೆಲುವು ಸೊನ್ನೆ. ಆ ಸೊನ್ನೆಗೆ ಎಷ್ಟು ಬೆಲೆ ಎಂದು ಪಟ್ಟಿ ಹೇಳುವುದಿಲ್ಲ, ಅದನ್ನು ಓದುವವನು ತಿಳಿಯಬೇಕು.

ಮಾಡಬೇಕಾದದ್ದು ಏನು?

ಮೊದಲನೆಯದು, ದೈಹಿಕ ಶಿಕ್ಷಣ ವಿಭಾಗ ಎರಡು ದಪ್ಪ ಸ್ಕೋರ್ ಪುಸ್ತಕ ಕೊಳ್ಳಲಿ. ಒಂದು ಹುಡುಗರಿಗೆ, ಒಂದು ಹುಡುಗಿಯರಿಗೆ. ಕ್ರಿಕೆಟ್, ಥ್ರೋಬಾಲ್, ಖೋ-ಖೋ, ಕಬಡ್ಡಿ ಎಲ್ಲದಕ್ಕೂ. ಕ್ರಿಕೆಟ್ ನಿಯಮದಲ್ಲಿ ಸ್ಕೋರರ್‌ಗಳು ಇಬ್ಬರು ಇರಬೇಕು ಎಂದಿದೆ. ಇಬ್ಬರೂ ಬೇರೆ ಬೇರೆ ಬರೆದು ತಾಳೆ ನೋಡಬೇಕು. ಬ್ಯಾಟ್ಸ್‌ಮನ್‌ಗಳ ರನ್ ಮತ್ತು ಎಕ್ಸ್‌ಟ್ರಾ ಸೇರಿಸಿದರೆ ಬರುವ ಮೊತ್ತ, ಬೌಲರ್‌ಗಳು ಕೊಟ್ಟ ರನ್‌ಗೆ ಬೈ, ಲೆಗ್ ಬೈ ಸೇರಿಸಿದರೆ ಬರುವ ಮೊತ್ತಕ್ಕೆ ಸರಿಹೋಗಬೇಕು. ವಾಣಿಜ್ಯ ವಿಭಾಗದವರಿಗೆ ಇದು ಹೊಸದಲ್ಲ, ಇದು ನಮ್ಮ ತಾಳೆಪಟ್ಟಿಯೇ. ಡೆಬಿಟ್ ಕ್ರೆಡಿಟ್ ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ಎರಡನೆಯದು, ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್‌ಗೆ ನಮ್ಮದೇ ಅಂಕಿಗಳನ್ನು ಬಳಸೋಣ. 'ಎ' ಮತ್ತು 'ಬಿ' ಬದಲು ಪಕ್ಕದ ಬೆಂಚಿನವರ ಹೆಸರು ಬಂದರೆ ಮಾನಕ ವಿಚಲನೆಯ ಸೂತ್ರವನ್ನು ಯಾರೂ ಮರೆಯುವುದಿಲ್ಲ.

ಮೂರನೆಯದು, ಈ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೂ ಕಾಲು ಪುಟ ಕೊಡಿ. ಬರೀ ಟಾಪ್ ಸ್ಕೋರರ್ ಹೆಸರು ಹಾಕುವುದು ಬೇಡ, ಅವರ ಫೋಟೊ ಹೇಗೂ ಬರುತ್ತದೆ. ಕಿರ್ಮಾನಿಯವರ 24ರ ಹಾಗೆ ಆ ಕಡೆ ನಿಂತು ಆಡಿದವರ ಹೆಸರು, ಸೋತ ತಂಡದಲ್ಲಿ ಚೆನ್ನಾಗಿ ಆಡಿದವರ ಹೆಸರು, ಐದು ಪಂದ್ಯದಲ್ಲಿ ಒಂದು ಕ್ಯಾಚೂ ಬಿಡದವರ ಹೆಸರು ಅಲ್ಲಿ ಬರಲಿ. ಫಲಿತಾಂಶದ ದಿನ ನಮ್ಮೆಲ್ಲರನ್ನೂ ಒಂದೇ ಶೇಕಡಾ ಸಂಖ್ಯೆಗೆ ಇಳಿಸಿ ನೋಡುತ್ತಾರೆ. ಚಂದ್ರಶೇಖರ್ ಅವರನ್ನು ಬ್ಯಾಟಿಂಗ್ ಕಾಲಂನಲ್ಲಿ ಮಾತ್ರ ಅಳೆದಿದ್ದರೆ ಭಾರತಕ್ಕೆ ಮೆಲ್ಬರ್ನ್ ಸಿಗುತ್ತಿರಲಿಲ್ಲ. ಕಾಲಂಗಳು ಹೆಚ್ಚಾದಷ್ಟೂ ಹೆಚ್ಚು ಮಂದಿಗೆ ನ್ಯಾಯ ಸಿಗುತ್ತದೆ.

ಸ್ಕೋರ್ ಬರೆಯಲು ನಾನು ತಯಾರಿದ್ದೇನೆ. ಇನ್ನೊಬ್ಬರು ಬೇಕು, ತಾಳೆ ನೋಡಲು. ಹುಡುಗಿಯರ ಪಂದ್ಯಗಳಿಗೆ ಅವರಲ್ಲೇ ಇಬ್ಬರು ಮುಂದೆ ಬಂದರೆ ಒಳ್ಳೆಯದು. ಆಸಕ್ತಿ ಇರುವವರು ಶನಿವಾರ ತರಗತಿ ಮುಗಿದ ಮೇಲೆ ಗ್ರಂಥಾಲಯದ ಹತ್ತಿರ ಸಿಗಿ.

ಅಲ್ಲಿಯವರೆಗೆ ಯೋಚಿಸಲು ಒಂದು ಪ್ರಶ್ನೆ. 118ನೇ ಟೆಸ್ಟ್‌ನಲ್ಲಿ ತಮ್ಮ ಮೊದಲ ಶತಕ ಹೊಡೆದ, ಆ ಸರಣಿಯಲ್ಲಿ ಭಾರತದ ಪರವಾಗಿ ಬೇರೆ ಯಾವ ಬ್ಯಾಟ್ಸ್‌ಮನ್‌ಗೂ ಶತಕ ಸಿಗದಂತಾದ ಆ ಬೌಲರ್ ಯಾರು? ಸುಳಿವು: ಅವರ ಹೆಸರು ಈ ಲೇಖನದಲ್ಲೇ ಇದೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಾಣಿಜ್ಯ ವಿಭಾಗ